ಹೊಸ ಡಿಸ್ಕ್ ಕಾಣದೆ ಹೋದಾಗ

ಮನೆಯ ಮೂಲೆಯಲ್ಲಿದ್ದ ಹಳೆಯ ಗಣಕವನ್ನೇ ಸರ್ವರ್ ಮಾಡಿಕೊಂಡು ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ. ಮೊದಮೊದಲು ಅದರಲ್ಲಿ ಕಾಲೇಜಿನ ಪ್ರಾಜೆಕ್ಟ್ ಮಾತ್ರ ಇರುತ್ತದೆ. ಕ್ರಮೇಣ ಅಕ್ಕನ ಮದುವೆಯ ಫೋಟೋ, ಅಪ್ಪನ ಲೆಕ್ಕಪತ್ರ ಎಲ್ಲವೂ ಅಲ್ಲಿಗೇ ಸೇರುತ್ತವೆ. ಜಾಗ ಸಾಲದೆ 4 ಟೆರಾಬೈಟಿನ ಇನ್ನೊಂದು ಹಾರ್ಡ್ ಡಿಸ್ಕ್ ತಂದು ಜೋಡಿಸಿ ಸ್ವಿಚ್ ಒತ್ತಿದರೆ, ಹೊಸ ಡಿಸ್ಕಿನ ಸುಳಿವೇ ಇಲ್ಲ! ಅಂಗಡಿಯವನನ್ನು ಬೈಯುವುದು ಆಗ ಎಲ್ಲರಿಗೂ ಹೊಳೆಯುವ ಪರಿಹಾರ. ಆದರೆ ಡಿಸ್ಕ್ ಚೆನ್ನಾಗಿದ್ದೂ ಹೀಗಾಗಲು ಕಾರಣಗಳು ಹಲವಿವೆ.

ಮೊದಲು ಕೇಳಬೇಕಾದ ಪ್ರಶ್ನೆ: ಡಿಸ್ಕ್ ಯಾರಿಗೆ ಕಾಣುತ್ತಿಲ್ಲ? ಯಂತ್ರ ಚಾಲೂ ಆದ ಕೂಡಲೇ ಎದ್ದು ಕೂರುವ ಬಯಾಸ್‌ಗೋ, ಆಮೇಲೆ ಬರುವ ವಿಂಡೋಸ್ ಅಥವಾ ಲಿನಕ್ಸ್‌ಗೋ? ಇದನ್ನು ತಿಳಿಯದೆ ಮುಂದುವರಿದರೆ ಇಡೀ ದಿನ ತಂತಿ ಕೀಳುವುದು, ಸಿಕ್ಕಿಸುವುದು ಇಷ್ಟೇ ಆಗುತ್ತದೆ.

ಬಯಾಸ್‌ಗೇ ಕಾಣದಿದ್ದರೆ ತೊಂದರೆ ತಂತಿಯಲ್ಲೋ, ವಿದ್ಯುತ್ತಿನಲ್ಲೋ, ಬಯಾಸ್‌ನಲ್ಲಿ ಮುಚ್ಚಿಟ್ಟ ಪೋರ್ಟಿನಲ್ಲೋ ಇರಬೇಕು. ಡಿಸ್ಕಿನ ತಟ್ಟೆಗಳು ತಿರುಗುವ ಸಣ್ಣ ಸದ್ದು ಕೇಳಿಸುತ್ತಿದೆಯೇ ಎಂದು ಕಿವಿಗೊಡಬೇಕು. ಸದ್ದಿಲ್ಲದಿದ್ದರೆ ವಿದ್ಯುತ್ತಿನ ಕಡೆ ಅನುಮಾನ. ಇಲ್ಲೊಂದು ವಿಚಿತ್ರವಿದೆ. ಸಾಟಾ ಡಿಸ್ಕಿನ ವಿದ್ಯುತ್ ಸಂಪರ್ಕದಲ್ಲಿ 15 ಪಿನ್‌ಗಳು. ಮೂರನೆಯದರಲ್ಲಿ ಹಿಂದೆ 3.3 ವೋಲ್ಟ್ ಹರಿಯುತ್ತಿತ್ತು. ಸರ್ವರ್‌ಗೆಂದೇ ತಯಾರಾದ ಕೆಲವು ಹೊಸ ಡಿಸ್ಕುಗಳಿಗೆ ಅದೇ ಪಿನ್‌ನಲ್ಲಿ ವೋಲ್ಟೇಜ್ ಬಂದರೆ 'ಮಲಗು' ಎಂದರ್ಥ! ಹಳೆಯ ಪವರ್ ಸಪ್ಲೈ ಎಂದಿನಂತೆ 3.3 ವೋಲ್ಟ್ ಕೊಡುತ್ತದೆ, ಡಿಸ್ಕ್ ವಿಧೇಯವಾಗಿ ಮಲಗೇ ಇರುತ್ತದೆ. ಆ ವೋಲ್ಟೇಜ್ ಇಲ್ಲದ ಬೇರೆ ತಂತಿಯಿಂದ ವಿದ್ಯುತ್ ಕೊಟ್ಟರೆ ಎದ್ದು ತಿರುಗತೊಡಗುತ್ತದೆ.

ಬಳಸಿದ ಸರ್ವರ್ ಡಿಸ್ಕನ್ನು ಅಗ್ಗಕ್ಕೆ ಕೊಳ್ಳುವವರಿಗೆ ಇನ್ನೊಂದು ಬಲೆ: ಸ್ಯಾಸ್ ಎಂಬ ಜಾತಿ. ನೋಡಲು ಸಾಟಾದ ಅವಳಿಯಂತೆಯೇ. ಸ್ಯಾಸ್ ಕಂಟ್ರೋಲರ್ ಸಾಟಾ ಡಿಸ್ಕನ್ನು ಒಪ್ಪುತ್ತದೆ. ಸಾಟಾ ಕಂಟ್ರೋಲರ್ ಸ್ಯಾಸ್ ಡಿಸ್ಕನ್ನು ಒಪ್ಪುವುದಿಲ್ಲ. ದುಡ್ಡು ಕೊಡುವ ಮುನ್ನ ಚೀಟಿ ಓದಬೇಕಷ್ಟೆ. 1990ರ ದಶಕದಲ್ಲಿ ಒಂದೇ ಪಟ್ಟಿ ತಂತಿಗೆ ಎರಡು ಡಿಸ್ಕ್ ಕಟ್ಟಿ, ಪುಟ್ಟ ಜಂಪರ್‌ನಿಂದ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಮಾಡಬೇಕಿತ್ತು. ಸಾಟಾ ಬಂದ ಮೇಲೆ ಒಂದು ತಂತಿಗೆ ಒಂದೇ ಡಿಸ್ಕ್; ಆ ಜಗಳ ಮುಗಿಯಿತು.

ಬಯಾಸ್‌ಗೆ ಕಂಡು ವಿಂಡೋಸ್‌ಗೆ ಕಾಣದಿದ್ದರೆ ಸಮಾಧಾನಪಡಬಹುದು. ಹೊಸ ಡಿಸ್ಕ್ ಗೆರೆ ಎಳೆಯದ ಹೊಲದಂತೆ. ವಿಭಾಗ ಮಾಡಿ, ಫಾರ್ಮ್ಯಾಟ್ ಮಾಡುವವರೆಗೆ ಅದಕ್ಕೆ ಡ್ರೈವ್ ಅಕ್ಷರ ಸಿಗದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಅದು ಅಲ್ಲೇ ಕುಳಿತಿರುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ಕೆಲವೊಮ್ಮೆ 'ಆಫ್‌ಲೈನ್' ಎಂದಿರುವುದೂ ಉಂಟು; ಆನ್‌ಲೈನ್ ಮಾಡಿದರಾಯಿತು. ವಿಭಾಗದ ಬಗೆ ಕೇಳಿದಾಗ ಜಿಪಿಟಿ ಆರಿಸಬೇಕು. ಹಳೆಯ ಎಂಬಿಆರ್ ಪದ್ಧತಿ ಸೆಕ್ಟರ್‌ಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತದೆ. 512 ಬೈಟಿನ ಸೆಕ್ಟರ್ ಆದರೆ ಸುಮಾರು 2.2 ಲಕ್ಷ ಕೋಟಿ ಬೈಟಿಗೆ ಎಣಿಕೆ ಮುಗಿದುಹೋಗುತ್ತದೆ. 4 ಟೆರಾಬೈಟಿನ ಡಿಸ್ಕಿನಲ್ಲಿ ಅರ್ಧದಷ್ಟು ಜಾಗ ದಂಡ.

ನಿಜವಾದ ಅಪಾಯವಿರುವುದು ಈ ಪರದೆಯ ಮುಂದೆಯೇ. ಇಲ್ಲಿ ಎರಡು ಡಿಸ್ಕುಗಳಿವೆ. ಒಂದು ಖಾಲಿ, ಇನ್ನೊಂದರಲ್ಲಿ ಮದುವೆಯ ಫೋಟೋಗಳು. ಎರಡೂ ಒಂದೇ ಕಂಪನಿಯವು, ಒಂದೇ ಗಾತ್ರದವು ಆಗಿದ್ದರಂತೂ ಮೇಲ್ನೋಟಕ್ಕೆ ಭೇದವಿಲ್ಲ. 'ಸಂಖ್ಯೆ 1 ಎಂದರೆ ಹೊಸದೇ ಇರಬೇಕು' ಎನ್ನುವ ಊಹೆ ಸಾಲದು. ಲಿನಕ್ಸ್‌ನಲ್ಲಿ ನಿನ್ನೆ ಎಸ್‌ಡಿಎ ಆಗಿದ್ದದ್ದು ಹೊಸ ಡಿಸ್ಕ್ ಬಂದ ಮೇಲೆ ಎಸ್‌ಡಿಬಿ ಆಗಬಹುದು. ನಂಬಬಹುದಾದದ್ದು ಡಿಸ್ಕಿನ ಮೈಮೇಲೆ ಅಚ್ಚಾದ ಸೀರಿಯಲ್ ಸಂಖ್ಯೆ. ಜೋಡಿಸುವ ಮುನ್ನವೇ ಅದನ್ನು ಬರೆದುಕೊಂಡು, ಪರದೆಯ ಸಂಖ್ಯೆಯೊಂದಿಗೆ ಹೋಲಿಸಿ, ಆಮೇಲೆ ಫಾರ್ಮ್ಯಾಟ್ ಮಾಡಬೇಕು. ಇನ್ನೂ ಭದ್ರವಾದದ್ದು, ಅಷ್ಟು ಹೊತ್ತು ಹಳೆಯ ಡಿಸ್ಕಿನ ದತ್ತಾಂಶದ ತಂತಿ, ವಿದ್ಯುತ್ ತಂತಿ ಎರಡನ್ನೂ ಕಳಚಿಟ್ಟು, ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಿ ಹೊಸದನ್ನು ಸಿದ್ಧಗೊಳಿಸುವುದು. ತಂತಿ ಕೀಳುವುದು, ಹಾಕುವುದು ಯಂತ್ರ ಆರಿಸಿದ ಮೇಲೆಯೇ. ಫೋಟೋಗಳ ಪ್ರತಿ ಬೇರೆಲ್ಲೂ ಇಲ್ಲವಾದರೆ ಆ ದಿನ ಸ್ಕ್ರೂಡ್ರೈವರ್ ಮುಟ್ಟದಿರುವುದೇ ಲೇಸು.

ಹೊಸ ಡಿಸ್ಕ್ ಹಾಕಿದ ಮೇಲೆ ಯಂತ್ರವೇ ಏಳದಿದ್ದರೆ ಗಾಬರಿ ಬೇಡ. ಬಯಾಸ್ ಖಾಲಿ ಡಿಸ್ಕಿನಲ್ಲಿ ವಿಂಡೋಸ್ ಹುಡುಕುತ್ತಿರಬಹುದು. ಬೂಟ್ ಕ್ರಮದಲ್ಲಿ ಹಳೆಯದನ್ನು ಮೇಲಕ್ಕೆ ತರಬೇಕು.

ಎಲ್ಲ ಮುಗಿದ ಮೇಲೂ ಮನೆಯಲ್ಲಿ ಒಂದು ತಕರಾರು ಬರುತ್ತದೆ: 4 ಟೆರಾಬೈಟಿಗೆ ದುಡ್ಡು ಕೊಟ್ಟರೆ ವಿಂಡೋಸ್ 3.63 ತೋರಿಸುತ್ತಿದೆಯಲ್ಲ? ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಒಂದು ಬೈಟೂ ಎಲ್ಲಿಗೂ ಹೋಗಿಲ್ಲ.