ಓಟದ ಶೂ ಆರಿಸಲು ಮಷಿನ್ ಬೇಕೇ ಬೇಕಾ?

ಬೆಳಗಿನ ಜಾವ ನಮ್ಮ ಊರುಗಳ ಡಾಂಬರು ರಸ್ತೆಯಲ್ಲಿ ಓಡುವ ಹುಡುಗ ಹುಡುಗಿಯರನ್ನು ನೀವೂ ನೋಡಿರುತ್ತೀರಿ. ಬಹಳ ಮಂದಿಯ ಕಣ್ಣು ಪೊಲೀಸ್ ಕಾನ್‌ಸ್ಟೆಬಲ್ ಇಲ್ಲವೇ ಸೇನೆಯ ಕೆಲಸದ ಮೇಲೆ. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಹುಡುಗರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಹುಡುಗಿಯರು 400 ಮೀಟರ್ ದೂರವನ್ನು 2 ನಿಮಿಷದಲ್ಲಿ ಮುಗಿಸಬೇಕು. ಆ ಹೊತ್ತಿಗೆ ಕಾಲು ಕೈಕೊಟ್ಟರೆ ಓದಿದ್ದೆಲ್ಲ ನೀರುಪಾಲು. ವಯಸ್ಸಿನ ಮಿತಿಯಂತೂ ಯಾರಿಗೂ ಕಾಯುವುದಿಲ್ಲ.

ಈ ಭಯಕ್ಕೆ ಈಗ ಯೂಟ್ಯೂಬ್‌ನಲ್ಲಿ ಒಂದು ಪರಿಹಾರ ಓಡಾಡುತ್ತಿದೆ: 'ಗೇಟ್ ಅನಾಲಿಸಿಸ್ ಮಾಡಿಸಿ, ಆಮೇಲೆ ಶೂ ಕೊಳ್ಳಿ.' ಗೇಟ್ ಅಂದರೆ ನಡೆ. ನಗರದ ಶೂ ಅಂಗಡಿಗಳಲ್ಲಿ ನಿಮ್ಮನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಹಿಂದಿನಿಂದ ವಿಡಿಯೊ ತೆಗೆದು, ನಿಧಾನಗತಿಯಲ್ಲಿ ನೋಡುತ್ತಾರೆ. ನೆಲಕ್ಕೆ ಬಿದ್ದ ಪಾದ ಒಳಮಗ್ಗುಲಿಗೆ ಎಷ್ಟು ವಾಲುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಜಾಸ್ತಿ ವಾಲಿದರೆ ಅದನ್ನು ತಡೆಯುವ ಗಟ್ಟಿ ಶೂ, ಇಲ್ಲದಿದ್ದರೆ ಸಾಮಾನ್ಯ ಶೂ.

ಕೇಳಲು ಚೆನ್ನಾಗಿದೆ. ಆದರೆ ಇದಕ್ಕಾಗಿ ಬಸ್ ಹತ್ತಿ ಬೆಂಗಳೂರಿಗೆ ಹೋಗಬೇಕೇ? ಬೇಡ ಅನ್ನುವುದು ನಮ್ಮ ಅಭಿಪ್ರಾಯ.

ಕಾರಣ ಇದೆ. ಅಮೆರಿಕದ ಸೇನೆ ತನ್ನ ಹೊಸ ಸಿಪಾಯಿಗಳ ಮೇಲೆಯೇ ಇದನ್ನು ಪರೀಕ್ಷಿಸಿತು. ಅರ್ಧ ಜನರಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು, ಉಳಿದವರಿಗೆ ಎಲ್ಲರಿಗೂ ಒಂದೇ ಬಗೆಯ ಶೂ. 2009 ಮತ್ತು 2010ರಲ್ಲಿ ಬಂದ ಫಲಿತಾಂಶಗಳ ಪ್ರಕಾರ, ಎರಡೂ ಗುಂಪಿನಲ್ಲಿ ಗಾಯಗಳು ಹೆಚ್ಚುಕಡಿಮೆ ಅಷ್ಟೇ. ಡೆನ್ಮಾರ್ಕ್‌ನಲ್ಲಿ ಹೊಸದಾಗಿ ಓಡಲು ಶುರುಮಾಡಿದ 927 ಜನರಿಗೆ ಒಂದೇ ಬಗೆಯ ಸಾಮಾನ್ಯ ಶೂ ಕೊಟ್ಟು ಒಂದು ವರ್ಷ ಗಮನಿಸಿದರು. ಪಾದ ಒಳಕ್ಕೆ ವಾಲುವವರಿಗೆ ಗಾಯ ಜಾಸ್ತಿ ಆಗುತ್ತದೆ ಎಂಬುದು ಅಲ್ಲೂ ಸಾಬೀತಾಗಲಿಲ್ಲ. 2014ರಲ್ಲಿ ಅದು ಪ್ರಕಟವಾಯಿತು.

ಹಾಗಂತ ಹರಿದ ಚಪ್ಪಲಿಯಲ್ಲಿ ಓಡಿ ಅನ್ನುತ್ತಿಲ್ಲ. ಶೂ ಬೇಕು, ಅಳತೆ ಸರಿ ಇರಬೇಕು. ಅದನ್ನು ನಿಮ್ಮ ತಾಲ್ಲೂಕಿನ ಅಂಗಡಿಯಲ್ಲೇ ನೋಡಿಕೊಳ್ಳಬಹುದು.

ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಳ್ಳಿ. ಎರಡೂ ಕಾಲಿಗೆ ಹಾಕಿ ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳ ಅಗಲದ ಜಾಗ ಉಳಿಯಬೇಕು. ಹಿಮ್ಮಡಿ ಜಾರಬಾರದು, ಪಕ್ಕ ಒತ್ತಬಾರದು. ಅಂಗಡಿಯ ಮುಂದೆಯೇ ನಾಲ್ಕು ಹೆಜ್ಜೆ ಓಡಿ. 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ' ಅಂದರೆ ಆ ಜೋಡಿ ಬಿಟ್ಟುಬಿಡಿ. ಮೊದಲ ದಿನವೇ ಹಿತ ಅನ್ನಿಸುವ ಶೂ ನಿಮ್ಮದು.

ನಡೆ ನೋಡಲೇಬೇಕೆಂದರೆ ಗೆಳೆಯರ ಫೋನಿನಲ್ಲಿ ಸ್ಲೋ ಮೋಷನ್ ಇದೆ. ಪಕ್ಕದಿಂದ ವಿಡಿಯೊ ತೆಗೆಸಿ. ಪಾದ ದೇಹಕ್ಕಿಂತ ತುಂಬ ಮುಂದೆ ಹೋಗಿ ಬೀಳುತ್ತಿದ್ದರೆ ಹೆಜ್ಜೆ ಸ್ವಲ್ಪ ಚಿಕ್ಕದು ಮಾಡಿ, ಬೇಗ ಬೇಗ ಇಡಿ. ಮೊಣಕಾಲಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನಮ್ಮ ಕಡೆ ಕಾಲು ಕೆಡುವುದು ಹೆಚ್ಚಾಗಿ ಬೇರೆ ಕಾರಣಕ್ಕೆ. ಆರು ತಿಂಗಳು ಪುಸ್ತಕದ ಮುಂದೆ ಕೂತವರು, ದೈಹಿಕ ಪರೀಕ್ಷೆಯ ದಿನಾಂಕ ಬಂದ ಮರುದಿನವೇ ಜೀವ ಬಿಟ್ಟು ಓಡಲು ಶುರುಮಾಡುತ್ತಾರೆ. ಮೂಳೆಗೆ ಅಷ್ಟು ಬೇಗ ಒಗ್ಗುವುದಿಲ್ಲ. ಓದುವಾಗಲೇ ವಾರಕ್ಕೆ ಮೂರು ದಿನ ನಿಧಾನವಾಗಿ ಓಡುತ್ತಿರಿ. ಡಾಂಬರಿಗಿಂತ ಶಾಲೆ ಮೈದಾನದ ಮಣ್ಣು ಸಿಕ್ಕರೆ ಅಲ್ಲೇ ಓಡಿ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ ನೋವಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅದು ಮೂಳೆ ಬಿರುಕು ಇರಬಹುದು. ಅದನ್ನು ಯಾವ ಶೂನೂ ವಾಸಿ ಮಾಡುವುದಿಲ್ಲ.

ಮನೆಯವರಿಗೂ ಒಂದು ಮಾತು. ಮಕ್ಕಳು ದುಬಾರಿ ಶೂ ಕೇಳಿದರೆ ಸಾಲ ಮಾಡಬೇಡಿ, ಗದರಲೂ ಬೇಡಿ. ಅವರ ಜೊತೆ ಅಂಗಡಿಗೆ ಹೋಗಿ, ಅಳತೆ ಸರಿಯಿರುವ ಒಂದು ಜೋಡಿ ಕೊಡಿಸಿ. ಉಳಿದ ದುಡ್ಡು ಅವರ ಊಟಕ್ಕಿರಲಿ.