ನಟರಾಜನ್‌ಗೂ ಆ ರಜೆ ಸಲ್ಲಬೇಕಿತ್ತು

2020ರ ನವೆಂಬರ್ 6ರ ರಾತ್ರಿಯನ್ನು ಬೆಂಗಳೂರಿನ ಕ್ರಿಕೆಟ್ ಪ್ರೇಮಿಗಳು ಮರೆತಿರಲಾರರು. ಅಬುಧಾಬಿಯಲ್ಲಿ ಐಪಿಎಲ್ ಎಲಿಮಿನೇಟರ್ ಪಂದ್ಯ. ಅರ್ಧಶತಕ ದಾಟಿ ಆಡುತ್ತಿದ್ದ ಆರ್‌ಸಿಬಿಯ ಡಿವಿಲಿಯರ್ಸ್ ಅವರನ್ನು ಸನ್‌ರೈಸರ್ಸ್‌ನ ಟಿ. ನಟರಾಜನ್ ಯಾರ್ಕರ್ ಹಾಕಿ ಬೌಲ್ಡ್ ಮಾಡಿದರು. ಆ ಪ್ಲೇಆಫ್ ದಿನಗಳಲ್ಲೇ ಅವರಿಗೆ ಮೊದಲ ಮಗು ಹುಟ್ಟಿತು. ಅವರು ಊರಿಗೆ ಬರಲಿಲ್ಲ; ಅಲ್ಲಿಂದಲೇ ತಂಡದ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟರು.

ಮೂರು ಟಿ20ಗಳಲ್ಲಿ ಆರು ವಿಕೆಟ್ ಕಿತ್ತರು, ಭಾರತ ಸರಣಿ ಗೆದ್ದಿತು. ಹಾರ್ದಿಕ್ ಪಾಂಡ್ಯ ತಮಗೆ ಬಂದ ಸರಣಿ ಶ್ರೇಷ್ಠ ಟ್ರೋಫಿಯನ್ನು ಇವರ ಕೈಗಿಟ್ಟರು. ಅದಾದ ಮೇಲೂ ತಂಡ ಇವರನ್ನು ಉಳಿಸಿಕೊಂಡಿದ್ದು ನೆಟ್ ಬೌಲರ್ ಆಗಿ. ಅದೇ ಪ್ರವಾಸದಲ್ಲಿ ನಾಯಕ ಕೊಹ್ಲಿ ಅಡಿಲೇಡ್ ಟೆಸ್ಟ್ ಮುಗಿಸಿ ಹೆಂಡತಿಯ ಹೆರಿಗೆಗೆಂದು ಊರಿಗೆ ಮರಳಿದರು. ಒಬ್ಬೊಬ್ಬರಿಗೆ ಒಂದೊಂದು ನಿಯಮವೇ ಎಂದು ಗಾವಸ್ಕರ್ ಬರೆದಾಗ ದೊಡ್ಡ ಗಲಾಟೆಯೇ ಆಯಿತು.

ಗಾವಸ್ಕರ್ ಕೇಳಿದ್ದು ಸರಿ. ಕೊಹ್ಲಿ ರಜೆ ಹಾಕಿದ್ದೂ ಸರಿ, ಅದು ತಂದೆಯಾಗುವವನ ಹಕ್ಕು. ತಪ್ಪಿದ್ದು ಆ ಹಕ್ಕು ಆಟಗಾರನ ತೂಕ ನೋಡಿ ಸಿಗುವುದರಲ್ಲಿ. ಕೋವಿಡ್ ಕ್ವಾರಂಟೈನ್ ಇತ್ತು, ಹೋಗಿ ಬರುವುದು ಕಷ್ಟವಿತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ‘ನಟರಾಜನ್ ದೂರಲಿಲ್ಲವಲ್ಲ’ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯವರು ಅವರು. ಅಪ್ಪ ಮಗ್ಗದ ಕೂಲಿ, ಅಮ್ಮ ರಸ್ತೆ ಬದಿಯಲ್ಲಿ ಕೋಳಿ ಮಾಂಸದ ಖಾದ್ಯ ಮಾರುತ್ತಿದ್ದವರು. ಟೆನಿಸ್ ಬಾಲ್ ಆಡಿ ಬೆಳೆದ ಹುಡುಗ, 2015ರ ರಣಜಿ ಪದಾರ್ಪಣೆಯಲ್ಲೇ ಬೌಲಿಂಗ್ ಶೈಲಿಯ ಮೇಲೆ ಅನುಮಾನ ಎದುರಿಸಿ, ತಿದ್ದಿಕೊಂಡು ಮರಳಿದವನು. ಇಂಥವನು ತಂಡದ ವ್ಯವಸ್ಥಾಪಕರ ಮುಂದೆ ನಿಂತು ‘ರಜೆ ಕೊಡಿ ಸಾರ್’ ಎನ್ನಲು ಸಾಧ್ಯವಿತ್ತೇ? ಜಾಗ ಬಿಟ್ಟರೆ ಹಿಂದೆಯೇ ಇನ್ನೊಬ್ಬ ಕಾದಿರುತ್ತಾನೆ.

ನೆಟ್ ಬೌಲರ್ ಆಗಿದ್ದವರಿಗೆ ಕೊನೆಗೂ ಅವಕಾಶ ಸಿಕ್ಕ ಬ್ರಿಸ್ಬೇನ್ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ 78 ರನ್‌ಗೆ 3 ವಿಕೆಟ್. ಒಂದೇ ಪ್ರವಾಸದಲ್ಲಿ ಮೂರೂ ಮಾದರಿಗೆ ಪದಾರ್ಪಣೆ. 2021ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಇಂಗ್ಲೆಂಡ್‌ಗೆ ಕೊನೆಯ ಓವರಿನಲ್ಲಿ 14 ರನ್ ಬೇಕಿತ್ತು, ಎದುರಿಗೆ ಸ್ಯಾಮ್ ಕರನ್, ಚೆಂಡು ಇವರ ಕೈಯಲ್ಲಿ. ಭಾರತ 7 ರನ್‌ನಿಂದ ಗೆದ್ದಿತು. ಮರುತಿಂಗಳು ಕ್ರಿಕೆಟ್ ಮಂಡಳಿಯ ವಾರ್ಷಿಕ ಗುತ್ತಿಗೆ ಪಟ್ಟಿ ಬಂತು. ಅದರಲ್ಲಿ ನಟರಾಜನ್ ಹೆಸರಿಲ್ಲ. ಪಂದ್ಯಗಳ ಲೆಕ್ಕ ಸಾಲದು ಎಂಬುದು ಕಾರಣ. ಅದೇ ತಿಂಗಳು ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಚಿಕಿತ್ಸೆಗೆ ಮಂಡಳಿ ನೆರವಾಯಿತು, ಅವರೂ ಕೃತಜ್ಞತೆ ಹೇಳಿದರು, ನಿಜ. ಆದರೆ 1 ಟೆಸ್ಟ್, 2 ಏಕದಿನ, 4 ಟಿ20ಗೆ ಭಾರತದ ಅಂಗಿ ನಿಂತುಹೋಯಿತು. 2024ರ ಐಪಿಎಲ್‌ನಲ್ಲಿ 19 ವಿಕೆಟ್ ತೆಗೆದರೂ ಕರೆ ಬರಲಿಲ್ಲ.

ಕಾಲೇಜು ಕುಸ್ತಿಯಲ್ಲಿ ಪದಕ ಗೆದ್ದ ಪೈಲ್ವಾನ ರೈಲ್ವೆ ಅಥವಾ ಪೊಲೀಸ್ ಕೆಲಸಕ್ಕೆ ಹಾತೊರೆಯುವುದೇಕೆ? ತಿಂಗಳ ಸಂಬಳ, ಗಾಯಕ್ಕೆ ಚಿಕಿತ್ಸೆ, ಹೆರಿಗೆಗೆ ರಜೆ ಅಲ್ಲಿ ಕಾಗದದ ಮೇಲಿವೆ. ಕೋಟಿಗಳ ಹರಾಜು ನಡೆಸುವ ಕ್ರಿಕೆಟ್ ಮಂಡಳಿಗೆ ಅಷ್ಟನ್ನು ಬರೆದುಕೊಡಲು ಏನಡ್ಡಿ? ನಟರಾಜನ್ ತಮ್ಮೂರಿನಲ್ಲಿ ಕಟ್ಟಿದ ಮೈದಾನ 2023ರಲ್ಲಿ ಶುರುವಾಗಿದೆ. ಅದೇ ಊರಿನ ಜಿ. ಪೆರಿಯಸಾಮಿ ಈಗಾಗಲೇ ತಮಿಳುನಾಡು ಪ್ರೀಮಿಯರ್ ಲೀಗ್‌ನಲ್ಲಿ ಹೆಸರು ಮಾಡಿದ್ದಾರೆ, ಇನ್ನಷ್ಟು ಹುಡುಗರು ಬರುತ್ತಾರೆ. ಒಂದು ವರ್ಷದಲ್ಲಿ ಮೂರೂ ಮಾದರಿ ಆಡಿದವನಿಗೆ, ಪಂದ್ಯ ಎಷ್ಟೇ ಇರಲಿ, ಮರುವರ್ಷದ ಗುತ್ತಿಗೆ ಸಿಗಬೇಕು. ಮಗು ಹುಟ್ಟಿದಾಗಿನ ರಜೆ ನೆಟ್ ಬೌಲರ್‌ನ ಕರಾರಿನಲ್ಲೂ ಇರಬೇಕು. ಮುಂದಿನ ಪ್ರವಾಸದ ತಂಡ ಪ್ರಕಟಿಸುವ ಮುನ್ನವೇ ಮಂಡಳಿ ಇದನ್ನು ಮಾಡಲಿ.