ರೀಫಂಡ್ ಬರಲು ಲಿಂಕ್ ಬೇಕಿಲ್ಲ

‘ನಿಮಗೆ ₹15,490 ಆದಾಯ ತೆರಿಗೆ ರೀಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ತಪ್ಪಿದ್ದರೆ ಈ ಲಿಂಕ್‌ನಲ್ಲಿ ಸರಿಪಡಿಸಿ’ ಎಂಬ ಸಂದೇಶ 2023ರಲ್ಲಿ ಹರಿದಾಡಿತ್ತು. ಅದು ನಕಲಿ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್ ಹೇಳಿತು. ಅದರ ಜಾಣತನ ನೋಡಿ. ಮೊತ್ತ ದುಂಡಗಿಲ್ಲ, ಯಾರೋ ಕೂತು ಲೆಕ್ಕ ಹಾಕಿದಂತಿದೆ. ಖಾತೆ ಸಂಖ್ಯೆಯ ನಡುವಿನ ಅಂಕಿಗಳನ್ನು ಬ್ಯಾಂಕಿನವರ ಹಾಗೆಯೇ ಮರೆಮಾಡಲಾಗಿದೆ. ಕಾಣುವ ಕೊನೆಯ ಅಂಕಿಗಳು ನಿಮ್ಮವಲ್ಲ. ಅಯ್ಯೋ, ನನ್ನ ದುಡ್ಡು ಬೇರೆಯವರ ಪಾಲಾಗುತ್ತಲ್ಲ ಎಂದು ಬೆರಳು ಲಿಂಕ್ ಒತ್ತುವುದು ಅದಕ್ಕೇ. ಮೋಸಹೋದವರನ್ನು ದುರಾಸೆಯವರು ಅಂದುಬಿಡುವುದು ಸುಲಭ. ಆದರೆ ಇದು ಲಾಟರಿಯಲ್ಲ, ಸಂಬಳದಲ್ಲೋ ಠೇವಣಿಯ ಬಡ್ಡಿಯಲ್ಲೋ ಟಿಡಿಎಸ್ ಎಂದು ಮುರಿದುಕೊಂಡ ಸ್ವಂತ ಹಣ.

ಹಾಗಾಗಿ ‘ಕಾಗುಣಿತದ ತಪ್ಪು ಗಮನಿಸಿ’ ಎಂಬ ಮಾಮೂಲಿ ಬುದ್ಧಿಮಾತು ಹೆಚ್ಚು ದೂರ ಬಾರದು. ವಂಚಕನಿಗೂ ಕಾಗುಣಿತ ಬರುತ್ತದೆ. ಸಂದೇಶವನ್ನು ಪರೀಕ್ಷಿಸುವ ಗೊಡವೆಗಿಂತ ರೀಫಂಡ್ ಬರುವ ದಾರಿ ತಿಳಿದಿರುವುದು ಮೇಲು. ರಿಟರ್ನ್ ಸಲ್ಲಿಸಿ ಇ-ವೆರಿಫೈ ಮಾಡಿದ ಮೇಲೆ ಆದಾಯ ತೆರಿಗೆ ಇಲಾಖೆಯ ಬೆಂಗಳೂರಿನ ಸಂಸ್ಕರಣಾ ಕೇಂದ್ರದಲ್ಲಿ (ಸಿಪಿಸಿ) ಲೆಕ್ಕ ತಾಳೆಯಾಗುತ್ತದೆ. ಇಲಾಖೆಯ ಪೋರ್ಟಲ್‌ನಲ್ಲಿ ನೀವೇ ದೃಢೀಕರಿಸಿಟ್ಟ ಖಾತೆಗೆ ಹಣ ಜಮೆಯಾಗುತ್ತದೆ. ಯಾರಾದರೂ ಫೋನ್ ಮಾಡಿ ಒಟಿಪಿಯನ್ನೋ ಕಾರ್ಡಿನ ಪಿನ್ನನ್ನೋ ಕೇಳುವ ಹಂತ ಇದರಲ್ಲಿ ಎಲ್ಲೂ ಇಲ್ಲ. ಖಾತೆ ತಪ್ಪಿದ್ದರೂ ತಿದ್ದುವುದು ಪೋರ್ಟಲ್ ಒಳಗೇ.

ಇಲಾಖೆಯೂ ಎಸ್‌ಎಂಎಸ್, ಇ-ಮೇಲ್ ಕಳಿಸುತ್ತದಲ್ಲ, ಎಲ್ಲವನ್ನೂ ಅಳಿಸಿಹಾಕಿದರೆ ನಿಜವಾದ ನೋಟಿಸ್‌ನ ಗಡುವು ತಪ್ಪುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಅಳಿಸಬೇಕಿಲ್ಲ; ಲಿಂಕ್ ಮುಟ್ಟದೆ ಇಲಾಖೆಯ ಪೋರ್ಟಲ್ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋದರೆ, ಬಂದದ್ದು ನಿಜವಾಗಿದ್ದಲ್ಲಿ ಅಲ್ಲೂ ಇರುತ್ತದೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಕಡ್ಡಾಯವಾಗಿದೆ. ಅದು ಅಸಲಿಯೇ ಎಂದು ಲಾಗಿನ್ ಇಲ್ಲದೆಯೂ ಪೋರ್ಟಲ್‌ನಲ್ಲಿ ನೋಡಬಹುದು. ಇಷ್ಟು ಒಳ್ಳೆಯ ಸಾಧನಕ್ಕೆ ಸಿಕ್ಕ ಪ್ರಚಾರ ಮಾತ್ರ ಸಾಲದು. ನಾವು ಲಿಂಕ್ ಕಳಿಸುವುದೇ ಇಲ್ಲ ಎಂದು ಇಲಾಖೆ ಒಮ್ಮೆ ಘೋಷಿಸಿ ಹಾಗೇ ನಡೆದುಕೊಂಡರೆ ವಂಚಕರ ಅರ್ಧ ಬಂಡವಾಳ ಮುಳುಗೀತು. ಇನ್ನು, ಪಾಸ್‌ವರ್ಡ್‌ನಿಂದ ಹಿಡಿದು ಎಲ್ಲವನ್ನೂ ಆಡಿಟರಿಗೆ ಒಪ್ಪಿಸಿ ನಿಶ್ಚಿಂತೆಯಿಂದಿರುವವರ ಕಥೆ ಬೇರೆ: ಪೋರ್ಟಲ್‌ನಲ್ಲಿರುವ ಮೊಬೈಲ್ ನಂಬರ್ ಯಾರದೆಂದು ಅವರು ಮುಂದಿನ ರಿಟರ್ನ್ ಸಲ್ಲಿಸುವಾಗಲಾದರೂ ನೋಡಿಕೊಳ್ಳಲಿ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಪಡುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಂಚಕರು ಹಣವನ್ನು ಖಾತೆಯಿಂದ ತೆಗೆದುಬಿಡುವ ಮೊದಲೇ ತಿಳಿಸಿದರೆ ಬ್ಯಾಂಕ್ ಅದನ್ನು ತಡೆಹಿಡಿಯಬಲ್ಲದು.